ನಲವತ್ತು ದಿನದ ಗಡ್ಡ

ಅಕ್ಸೋರ್ ತೈಲ ಬಿಡಾರ,
9 ಏಪ್ರಿಲ್ 1983

ಅಮ್ಮ,

ನಿನಗೂ ಅಪ್ಪನಿಗೂ ಸಲಾಂ. ಇಷ್ಟು ತಡವಾಗಿ ಬರೆಯುತ್ತಿದ್ದೇನೆಂದು ಮಗ್ಗದ ಮುಂದೆ ಕೂತು ನನ್ನನ್ನು ಎಷ್ಟು ಬೈದಿದ್ದೀಯೋ. ಗಂಟಿಗೊಂದು ಬೈಗುಳ ಹಾಕಿದ್ದರೂ ಆ ರತ್ನಗಂಬಳಿ ಇಷ್ಟು ಹೊತ್ತಿಗೆ ಮುಗಿದಿರಬೇಕು.

ಕೆಲಸ ಸಿಕ್ಕಿದೆ. ಎಣ್ಣೆ ಟ್ಯಾಂಕುಗಳ ಕೆಲಸ. ಒಬ್ಬ ಕಬ್ಬಿಣದ ಏಣಿ ಹತ್ತಿ, ಟ್ಯಾಂಕಿನ ನೆತ್ತಿಯ ಮುಚ್ಚಳ ತೆಗೆದು, ತುದಿಗೆ ಗುಂಡು ಕಟ್ಟಿದ ಅಳತೆಪಟ್ಟಿ ಇಳಿಬಿಟ್ಟು ಎಷ್ಟು ತುಂಬಿದೆ ಎಂದು ನೋಡಬೇಕು. ಇನ್ನೊಬ್ಬ ಕೆಳಗೆ ಗಾಳಿ ಬರುವ ಕಡೆ ನಿಂತು ಅವನ ಮೇಲೆ ಕಣ್ಣಿಟ್ಟಿರಬೇಕು. ಒಂದು ಸಲ ಅವನು ಹತ್ತಿದರೆ ಮುಂದಿನ ಸಲ ನಾನು. ಹೊಸ ಹುಡುಗರಿಗೆಲ್ಲ ಮೊದಲು ಇದೇ ಕೆಲಸ. ಹಳಬರು ಯಾಕೆ ಇದನ್ನು ಬಿಟ್ಟು ಬೇರೆ ಕಡೆ ಹೋಗುತ್ತಾರೆ ಎಂದು ಕೇಳಿದೆ, ಯಾರೂ ಸರಿಯಾಗಿ ಹೇಳಲಿಲ್ಲ.

ನನ್ನ ಜೊತೆಗಾರ ದುಸೆನ್ ಎಂಬ ಕಜಾಕ್ ಹುಡುಗ. ನನ್ನಷ್ಟೇ ವಯಸ್ಸು, ಇಲ್ಲಿಯೇ ಹುಟ್ಟಿದವನು. ಬಾಯಿಗೆ ಬೀಗವಿಲ್ಲ. ಅವನ ತಾಯಿ ಬಲ್ಜಾನ್ ರಸ್ತೆ ಬದಿಯ ಮನೆಯಲ್ಲಿದ್ದಾರೆ. ಅವರ ಬಾಗಿಲಿಗೆ ಹೋದವನು ಎಷ್ಟೇ ಅವಸರವಿದ್ದರೂ ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕದೆ ತಿರುಗುವ ಹಾಗಿಲ್ಲ. ಹಾಗಾಗಿ ನಾನು ಉಪವಾಸ ಬಿದ್ದಿಲ್ಲ. ಬಿಡಾರದಲ್ಲಿ ಚೆಚೆನ್ನರು, ರಷ್ಯನ್ನರು, ಜರ್ಮನ್ನರು, ಅಜರಿಗಳು, ನಮ್ಮ ಲೆಜ್ಗಿ ಮಂದಿಯೂ ಐದಾರು ಜನ ಇದ್ದಾರೆ. ಊಟದ ಸಾಲಿನಲ್ಲಿ ನಿಂತರೆ ಎಲ್ಲ ಭಾಷೆಯ ಬೈಗುಳವನ್ನೂ ಪುಕ್ಕಟೆ ಕಲಿಯಬಹುದು.

ಇಲ್ಲಿನ ಎಣ್ಣೆಯ ಜೊತೆ ಕೊಳೆತ ಮೊಟ್ಟೆಯ ನಾತದ ವಿಷಗಾಳಿಯೂ ಬರುತ್ತದೆ. ಅದಕ್ಕೆ ಮುಖವಾಡ ಹಾಕಿಕೊಂಡೇ ಮೇಲೆ ಹತ್ತುವುದು. ಮುಖವಾಡಕ್ಕೆ ಗಾಳಿ ಸೋಸುವ ಡಬ್ಬಿ ಇದೆ. ತಮಾರಾ ಎಂಬ ರಷ್ಯನ್ ಹೆಂಗಸು ಅದನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತಾಳೆ. ಒಬ್ಬೊಬ್ಬರದೂ ಒಂದೊಂದು ಮೊಳೆಯಲ್ಲಿ ನೇತಾಡುತ್ತದೆ. ಕೆನ್ನೆ ನುಣ್ಣಗಿದ್ದರೆ ಮಾತ್ರ ಮುಖವಾಡ ಸರಿಯಾಗಿ ಕೂರುವುದು, ಕೂದಲಿದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೇ ಮೇಸ್ತ್ರಿ ಕುವಾನಿಶ್ ಅಗಾ (ಇಲ್ಲಿ ಹಿರಿಯರನ್ನು ಅಗಾ ಎಂದೇ ಕರೆಯುವುದು) ದಿನಾ ಬೆಳಗ್ಗೆ ಎಲ್ಲರ ಕೆನ್ನೆಯ ಮೇಲೆ ಹಿಂಗೈ ಆಡಿಸುತ್ತಾರೆ. ಒಂದು ಮುಳ್ಳು ತಗುಲಿದರೂ, "ಏನಪ್ಪಾ, ಮುಳ್ಳುಹಂದಿ ಸಾಕಿದ್ದೀಯ? ಹೋಗು, ಹೆರ್ಕೊಂಡು ಬಾ" ಎನ್ನುತ್ತಾರೆ. ದುಸೆನ್ ಹೇಳುವುದೇನೆಂದರೆ, "ಹೆಣ್ಣು ಕೊಡೋರು ಯಾರೂ ಇಲ್ಲ, ದಿನಾ ಮದುಮಗನ ಥರ ರೆಡಿ ಆಗೋದು ಮಾತ್ರ ತಪ್ಪಲಿಲ್ಲ."

ಮೊದಲ ದಿನ ನಾನು ಮೂಗು ಮುಚ್ಚಿಕೊಂಡದ್ದನ್ನು ಕಂಡು ಅಗಾ ಹೇಳಿದರು: "ವಾಸ್ನೆ ಬರ್ತಿದೆ ಅಂತ ಸಂತೋಷಪಡು. ಬರ್ತಾ ಇರೋ ತನಕ ನೀನು ಬದುಕಿದ್ದೀಯ ಅಂತ ಲೆಕ್ಕ. ವಾಸ್ನೆ ನಿಂತ್ರೆ ಗಾಳಿ ಒಳ್ಳೇದಾಯ್ತು ಅಂದ್ಕೋಬೇಡ. ಮೂಗು ಸತ್ತಿದೆ. ಆಗ ಓಡು."

ಅಪ್ಪನ ಕೆಮ್ಮು ಹೇಗಿದೆ? ಈ ಕಾಗದ ಓದಿ ಹೇಳುವಾಗ ವಿಷಗಾಳಿಯ ಸಾಲುಗಳನ್ನು ಬಿಟ್ಟು ಓದು.

ನಿನ್ನ ಮಗ
ಯಾರ್ಮೆತ್


ಖೆರೆಗ್,
2 ಮೇ 1983

ಯಾರ್ಮೆತ್,

ಸಾಲು ಬಿಟ್ಟು ಓದಲು ನಿನ್ನ ಅಪ್ಪ ಬಿಟ್ಟರೆ ತಾನೆ. ಕಾಗದವನ್ನು ಕೈಯಿಂದ ಕಿತ್ತುಕೊಂಡು ತಾವೇ ಓದಿದರು. ವಿಷಗಾಳಿಯ ಬಗ್ಗೆ ಏನೂ ಅನ್ನಲಿಲ್ಲ. "ಮೂರು ಹಳ್ಳಿಗೆ ಕ್ಷೌರ ಮಾಡಿದ ಮೆಜಿದ್‌ನ ಮಗನ ಕೆನ್ನೆ ನೋಡಕ್ಕೆ ಅವನ್ಯಾರು? ನನ್ನ ಮಗಂಗೆ ಕತ್ತಿ ಹಿಡಿಯಕ್ಕೆ ಅವ್ನು ಕಲಿಸ್ಬೇಕಾ?" ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನ, "ಆ ಮೇಸ್ತ್ರಿ ಒಳ್ಳೆಯವನಿರಬೇಕು" ಎಂದರು.

ಕೆಮ್ಮು ಇದೆ. ವಸಂತದ ಕೆಮ್ಮು, ಹೋಗುತ್ತದೆ ಎನ್ನುತ್ತಾರೆ. ಕಳೆದ ವಾರ ಹಾಜಿಯವರ ತಾಯಿ ಹೋಗಿ ನಲವತ್ತು ದಿನದ ದುಃಖ ಮುಗಿಯಿತು. ಆಕೆಯ ಗಂಡುಮಕ್ಕಳು ನಾಲ್ವರೂ ಅಷ್ಟು ದಿನ ಬಿಟ್ಟಿದ್ದ ಗಡ್ಡ ತೆಗೆಸಲು ಪದ್ಧತಿಯಂತೆ ಬಂದು ನಮ್ಮ ಅಂಗಳದಲ್ಲಿ ಕೂತರು. ಇಬ್ಬರಿಗೆ ಮಾಡುವಷ್ಟರಲ್ಲಿ ನಿನ್ನ ಅಪ್ಪನ ಕೈ ನಡುಗಿತು. ಉಳಿದಿಬ್ಬರು ಬೆಳಗ್ಗೆ ಬರುತ್ತೇವೆಂದು ಎದ್ದು ಹೋದರು. ಅವರು ಹೋದ ಮೇಲೂ ಇವರು ಕತ್ತಿಯನ್ನು ಚರ್ಮಪಟ್ಟಿಗೆ ತುಂಬಾ ಹೊತ್ತು ಉಜ್ಜುತ್ತ ಕೂತಿದ್ದರು.

ನೀನು ಬರಬೇಕೆಂದು ನಾನು ಬರೆಯುತ್ತಿಲ್ಲ. ಹಡಗಿಗೆ ಎಷ್ಟು ದಿನ ಕಾಯಬೇಕೋ, ರಜೆ ಕೊಡುತ್ತಾರೋ ಇಲ್ಲವೋ. ಆ ದುಸೆನ್‌ಗೆ ಒಣಗಿದ ಏಪ್ರಿಕಾಟ್ ಕಳಿಸಿದ್ದೇನೆ, ನೀನೇ ತಿಂದು ಮುಗಿಸಬೇಡ.

ನಿನ್ನ ತಾಯಿ
ಸೆಕಿನೆತ್


ಖೆರೆಗ್,
16 ಜೂನ್ 1983

ಮಗನೇ,

ತಂತಿ ನಿನಗೆ ಮುಟ್ಟಿರುತ್ತದೆ. ಮಂಗಳವಾರ ಬೆಳಗ್ಗೆ ನಿನ್ನ ಅಪ್ಪ ಹೋದರು, ಸಂಜೆಯೊಳಗೆ ಮಣ್ಣು ಮಾಡಿದೆವು. ಹೆಣ ಇಟ್ಟುಕೊಂಡು ಕಾಯುವುದು ನಮ್ಮಲ್ಲಿ ಇಲ್ಲವೆಂದು ನಿನಗೇ ಗೊತ್ತು.

ಮಗ ಹಿಡಿಯಬೇಕಾದ ಹಿಡಿ ಮಣ್ಣನ್ನು ನಿನ್ನ ಚಿಕ್ಕಪ್ಪ ಹಾಕಿದ. ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ಕೇಳಿಸಿತು. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದೆ. ನಾಳೆ ಇರುವುದಿಲ್ಲ.

ಒಂದು ಮಾತು ಮಾತ್ರ ನಡೆಸಿಕೊಡು. ನಲವತ್ತು ದಿನ ಮುಖಕ್ಕೆ ಕತ್ತಿ ತಾಗಿಸಬೇಡ. ನೀನು ಇಲ್ಲಿಲ್ಲ, ಗೋರಿಯ ಹತ್ತಿರ ಕೂರಲಿಲ್ಲ, ಅಪ್ಪನಿಗಾಗಿ ನಿನ್ನ ಮೈಮೇಲೆ ಏನಾದರೂ ಇರಲಿ. ಎಷ್ಟು ಜನರ ನಲವತ್ತು ಮುಗಿಸಿದ ಕೈ ಅದು. ಅವರ ಮಗನೇ ನುಣ್ಣಗೆ ಹೆರೆದುಕೊಂಡು ತಿರುಗಿದ ಎಂಬ ಮಾತು ಈ ಊರಿಗೆ ಬಂದರೆ ನಾನು ಬಾವಿಗೆ ನೀರಿಗೆ ಹೋಗಲಾರೆ. ಅಲ್ಲಿರುವ ನಮ್ಮವರು ಊರಿಗೆ ಕಾಗದ ಬರೆಯುತ್ತಾರೆ, ನೆನಪಿರಲಿ.

ಅವರ ಕತ್ತಿಯನ್ನು ಪಾರ್ಸೆಲ್ ಮಾಡಿದ್ದೇನೆ. ನಲವತ್ತು ತುಂಬಿದ ದಿನ ಅದರಲ್ಲೇ ಮಾಡಿಸಿಕೋ.

ಸೆಕಿನೆತ್


ಅಕ್ಸೋರ್,
25 ಜೂನ್ 1983

ಅಮ್ಮ,

ತಂತಿ ಸಿಕ್ಕಿದ ಕೂಡಲೇ ಬಂದರಿಗೆ ಓಡಿದೆ. ಬಿರುಗಾಳಿಗೆ ಹಡಗು ನಿಂತಿತ್ತು. ಒಂದು ಹಗಲು ಒಂದು ರಾತ್ರಿ ಕಾದು ವಾಪಸು ಬಂದೆ. ಸಮುದ್ರದ ಆಚೆ ದಡದಲ್ಲೇ ನೀವೆಲ್ಲ ಇದ್ದೀರಿ, ಈಜಿಬಿಡಲೇ ಅನ್ನಿಸಿತ್ತು.

ನೀನು ಹೇಳುವ ಮೊದಲೇ ನಾನು ಕತ್ತಿ ಮುಟ್ಟಿರಲಿಲ್ಲ. ಮಾರನೆಯ ಬೆಳಗ್ಗೆ ಸಾಲಿನಲ್ಲಿ ನಿಂತಾಗ ಕುವಾನಿಶ್ ಅಗಾರ ಕೈ ನನ್ನ ಕೆನ್ನೆಯವರೆಗೆ ಬಂದು ಅಲ್ಲೇ ನಿಂತಿತು. ಬೈಯುತ್ತಾರೆಂದುಕೊಂಡೆ. "ಯಾರು?" ಎಂದರು. "ಅಪ್ಪ" ಎಂದೆ. ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡು ಮುಂದಿನವನ ಬಳಿಗೆ ಹೋದರು.

ಆಮೇಲೆ ಕರೆದು ಹೇಳಿದರು: "ರೂಲ್ಸ್ ಪ್ರಕಾರ ನಿನ್ನ ಮನೆಗೆ ಕಳಿಸ್ಬೇಕು. ಕಳಿಸಿದ್ರೆ ಕೆಲ್ಸ ಹೋಗತ್ತೆ. ಅಪ್ಪನ್ನ ಕಳ್ಕೊಂಡೋನ ಕೆಲ್ಸಾನೂ ಕಿತ್ಕೊಂಡ ಅಂತ ನನ್ನ ಮಕ್ಕಳು ಕೇಳೋದು ಬೇಡ. ನೀನು ಮೇಲೆ ಹತ್ಬೇಡ, ಅಷ್ಟೇ."

ಹಾಗಾಗಿ ನಾನು ಕೆಳಗೆ ನಿಲ್ಲುತ್ತೇನೆ. ನನ್ನ ಸರದಿಗೂ ದುಸೆನ್ ಹತ್ತುತ್ತಾನೆ. "ನಲವತ್ತು ದಿನ ತಾನೆ? ನಮ್ಮಜ್ಜ ಇದಕ್ಕಿಂತ ಜಾಸ್ತಿ ದಿನ ಒಂಟೆ ಮೇಲೇ ಕೂತಿರ್ತಿದ್ದ" ಎನ್ನುತ್ತಾನೆ. ಮುಖವಾಡದ ಕೋಣೆಯ ತಮಾರಾ ನನ್ನ ಗಡ್ಡ ನೋಡಿ ಕಿಟಕಿಯ ಕಡೆ ತಿರುಗಿದಳು. "ನಾನೇನೂ ನೋಡ್ಲಿಲ್ಲಪ್ಪ. ನಿಂದು ಮೊಳೇಲೇ ಇರ್ಲಿ" ಎಂದಳು. ಬೇರೆ ಬೇರೆ ಜಾತಿ, ಬೇರೆ ಬೇರೆ ದೇವರು, ಆದರೆ ಅಪ್ಪ ಸತ್ತ ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ನನಗೆ ಅಳು ಬಂದದ್ದು ಆಗಲೇ.

ಒಂದೇ ಒಂದು ವಿಷಯ ಚುಚ್ಚುತ್ತದೆ. ಅವನು ಮೇಲೆ, ನಾನು ಕೆಳಗೆ. ಸಂಜೆ ಅವನ ಕಣ್ಣು ಕೆಂಪಗಿರುತ್ತದೆ. ಕೇಳಿದರೆ ದೂಳು ಎನ್ನುತ್ತಾನೆ. ಬೇಗ ದಿನ ಕಳೆಯಲಿ.

ಯಾರ್ಮೆತ್


ಅಕ್ಸೋರ್,
3 ಜುಲೈ 1983

ಸೆಕಿನೆತ್ ಅಮ್ಮನವರಿಗೆ,

ನಾನು ದುಸೆನ್. ನಿಮ್ಮ ಏಪ್ರಿಕಾಟ್ ತಿಂದವನು. ನಿಮ್ಮ ಮಗ ಅರ್ಧ ಕದ್ದಿದ್ದಾನೆ, ಆ ದೂರನ್ನು ಆಮೇಲೆ ವಿವರವಾಗಿ ಬರೆಯುತ್ತೇನೆ. ಮೆಜಿದ್ ಅವರ ಹೆಸರಲ್ಲಿ ನಮ್ಮಮ್ಮ ಎಣ್ಣೆಯಲ್ಲಿ ರೊಟ್ಟಿ ಕರಿದು ಬೀದಿಗೆಲ್ಲ ಹಂಚಿದರು.

ಯಾರ್ಮೆತ್‌ಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವನು ಸರಿಯಾಗಿ ಉಣ್ಣುತ್ತಿಲ್ಲ. ನಾನು ಏಣಿ ಹತ್ತುವಾಗ ಕೆಳಗಿನಿಂದ ನೋಡುವ ಅವನ ಮುಖವನ್ನು ನೋಡಲಾಗುವುದಿಲ್ಲ. ಏನೋ ಕದ್ದವನ ಹಾಗೆ ನಿಂತಿರುತ್ತಾನೆ. ಹೆರೆದುಬಿಡೋ ಎಂದರೆ "ಅಮ್ಮನಿಗೆ ಮಾತು ಕೊಟ್ಟಿದೀನಿ" ಎನ್ನುತ್ತಾನೆ. ನೀವು ಒಂದು ಮಾತು ಹೇಳಿದರೆ ಆಗುತ್ತದೆ. ನಮ್ಮಮ್ಮ ಹೇಳುವಂತೆ, ಸತ್ತವರು ಮನಸ್ಸು ನೋಡುತ್ತಾರೆ, ಕೂದಲು ಎಣಿಸುವುದಿಲ್ಲ. ಅವರು ಓದಿದವರಲ್ಲ, ತಪ್ಪಿದ್ದರೆ ಮನ್ನಿಸಿ.

ನನಗೆ ದಣಿವಾಗಿದೆ ಎಂದು ತಿಳಿಯಬೇಡಿ. ನನಗೇನೂ ಆಗಿಲ್ಲ. ತಲೆ ಸ್ವಲ್ಪ ನೋಯುತ್ತದೆ, ಬಿಸಿಲಿಗೆ. ಒಂದು ಲಾಭವೂ ಆಗಿದೆ: ನಾಲ್ಕೈದು ದಿನದಿಂದ ಆ ಹಾಳು ನಾತ ನನ್ನ ಮೂಗಿಗೆ ಹತ್ತುವುದೇ ಇಲ್ಲ. ಬಿಡಾರದವರೆಲ್ಲ ಮೂಗು ಹಿಡಿದಾಗ ನಾನೊಬ್ಬ ಹಾಯಾಗಿರುತ್ತೇನೆ. ಊಟದ ಮನೆಯ ಎಲೆಕೋಸಿನ ಸಾರು ಕೂಡ ಈಗ ನಾರುವುದಿಲ್ಲ, ದೇವರು ದೊಡ್ಡವನು.

ಕೋಪಿಸಿಕೊಳ್ಳಬೇಡಿ.

ದುಸೆನ್


ಖೆರೆಗ್,
9 ಜುಲೈ 1983

ದುಸೆನ್,

ನೀನು ಒಳ್ಳೆಯ ಹುಡುಗ. ನನ್ನ ಮಗನ ಸರದಿಯನ್ನು ಹೊತ್ತಿದ್ದೀಯ, ದೇವರು ನಿನಗೆ ಒಳ್ಳೆಯದು ಮಾಡಲಿ.

ಆದರೆ ಇದು ನಮ್ಮ ಮನೆಯ ವಿಷಯ. ನಿಮ್ಮಲ್ಲಿ ಸತ್ತವರಿಗೆ ಏನು ಮಾಡುತ್ತೀರೋ ನಾನು ಕೇಳಲು ಬಂದಿಲ್ಲ. ಇನ್ನು ಉಳಿದಿರುವುದು ಕೆಲವೇ ದಿನ. ಅಷ್ಟು ದಿನ ನಿನಗೆ ಕಷ್ಟವಾದರೆ ಮೇಸ್ತ್ರಿಗೆ ಹೇಳು, ನನಗಲ್ಲ.

ಸೆಕಿನೆತ್


ಖೆರೆಗ್,
12 ಜುಲೈ 1983

ಯಾರ್ಮೆತ್,

ಈ ಕಾಗದ ಕೈಗೆ ಸಿಕ್ಕ ಕೂಡಲೇ, ಪೂರ್ತಿ ಓದುವುದಕ್ಕೂ ಮೊದಲು, ಗಡ್ಡ ಹೆರೆದುಕೋ.

ದುಸೆನ್ ನನಗೆ ಬರೆದಿದ್ದ. ನಿನಗೆ ಹೇಳಿರಲಿಕ್ಕಿಲ್ಲ. ನಾನು ಸೊಕ್ಕಿನಿಂದ ಉತ್ತರ ಕೊಟ್ಟೆ. ಕೊಟ್ಟ ಮೇಲೆ ಮಗ್ಗದ ಮುಂದೆ ಕೂತರೆ ಕೈ ಓಡಲಿಲ್ಲ. ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಿತ್ತು, ಏನೆಂದು ತಿಳಿಯಲಿಲ್ಲ. ಅವನಿಗೆ ಕಟುವಾಗಿ ಬರೆದದ್ದಕ್ಕೆ ಹೀಗಾಗುತ್ತಿದೆ ಎಂದುಕೊಂಡೆ. ಇಂದು ಬೆಳಗ್ಗೆ ಅಪ್ಪನ ಕೋಟನ್ನು ಬಿಸಿಲಿಗೆ ಹಾಕುವಾಗ ಅದರೊಳಗೆ ನಿನ್ನ ಏಪ್ರಿಲ್ ತಿಂಗಳ ಕಾಗದ ಸಿಕ್ಕಿತು. ಅಲ್ಲೇ ನಿಂತು ಓದಿದೆ. ವಾಸನೆ ನಿಂತರೆ ಮೂಗು ಸತ್ತಿದೆ, ಓಡು ಎಂದು ನಿಮ್ಮ ಮೇಸ್ತ್ರಿ ಹೇಳಿದ್ದನ್ನು ಬರೆದಿದ್ದೀಯ.

ತನಗೆ ವಾಸನೆಯೇ ಬರುತ್ತಿಲ್ಲ ಎಂದು ದುಸೆನ್ ಬರೆದಿದ್ದಾನೆ, ಮಗನೇ. ನಗುತ್ತ ಬರೆದಿದ್ದಾನೆ.

ಅವನನ್ನು ಇನ್ನು ಹತ್ತಿಸಬೇಡ. ಮೇಸ್ತ್ರಿಗೆ ಹೇಳು, ಆ ಹೆಂಗಸಿಗೆ ಹೇಳು. ನಿನ್ನ ಸರದಿ ನೀನು ಹತ್ತು. ಊರು ಏನು ಬೇಕಾದರೂ ಅನ್ನಲಿ, ನಾನು ಕೇಳಿಸಿಕೊಳ್ಳುತ್ತೇನೆ. ನಿನ್ನ ಅಪ್ಪನಿಗೆ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಅಂಚೆ ಕಚೇರಿಗೆ ಹೋಗಿ ತಂತಿ ಕೊಡಲು ನೋಡಿದೆ, ಮಳೆಗೆ ಕಂಬ ಬಿದ್ದು ಲೈನ್ ಇಲ್ಲ. ಈ ಕಾಗದವನ್ನು ಪೇಟೆಗೆ ಹೋಗುವ ಲಾರಿಯವನ ಕೈಗೇ ಕೊಡುತ್ತಿದ್ದೇನೆ.

ಇನ್ನು ಮುಂದೆ ಪ್ರತಿ ಕಾಗದದಲ್ಲೂ ಬೇರೇನೂ ಬರೆಯದಿದ್ದರೂ ವಾಸನೆ ಬರುತ್ತಿದೆಯೇ ಎಂದು ಬರೆ. ನಿನ್ನದೂ, ಅವನದೂ.

ಅಮ್ಮ


ಅಕ್ಸೋರ್,
30 ಜುಲೈ 1983

ಅಮ್ಮ,

ನಿನ್ನ ಕಾಗದ ಬಂತು. ದುಸೆನ್‌ನನ್ನು ಮಣ್ಣು ಮಾಡಿದ ಮೂರನೆಯ ದಿನ ಬಂತು.

ಭಾನುವಾರ, ಹದಿನೇಳರ ಬೆಳಗ್ಗೆ. ಗಾಳಿ ಒಂದು ಚೂರೂ ಇರಲಿಲ್ಲ, ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಕಂಬಕ್ಕೆ ಅಂಟಿಕೊಂಡಿತ್ತು. ಅವನು ಹತ್ತಿದ. ಮುಚ್ಚಳ ತೆಗೆದ, ಪಟ್ಟಿ ಇಳಿಬಿಟ್ಟ. ಆಮೇಲೆ ಮುಚ್ಚಳದ ಪಕ್ಕದಲ್ಲೇ ಮೆಲ್ಲಗೆ ಕೂತ. ನಾನು ಕೆಳಗಿನಿಂದ ಕೂಗಿದೆ, "ಏನ್ ಸಾಹೇಬ್ರೇ, ಟೀ ಕಳಿಸ್ಲಾ ಮೇಲಕ್ಕೆ?" ತಮಾಷೆ ಮಾಡಿದೆ, ಅಮ್ಮ. ಅವನು ಹಾಗೇ ಪಕ್ಕಕ್ಕೆ ವಾಲಿದ.

ಮುಖವಾಡದ ಕೋಣೆಗೆ ಓಡಿ ಮೊಳೆಯಿಂದ ನನ್ನ ಮುಖವಾಡ ಎಳೆದು ಹಾಕಿಕೊಂಡು ಏಣಿ ಹತ್ತಿದೆ. ಅರ್ಧಕ್ಕೆ ಹೋಗುವಷ್ಟರಲ್ಲಿ ಗಡ್ಡದ ಸಂದಿಯಿಂದ ನಾತ ಒಳಗೆ ನುಗ್ಗಿತು. ಇನ್ನೆರಡು ಮೆಟ್ಟಿಲು ಹತ್ತಿದೆ. ನಾತ ನಿಂತಿತು. ಆಮೇಲೆ ನನಗೆ ತಿಳಿದದ್ದು ಅಗಾ ನನ್ನ ಮುಖಕ್ಕೆ ನೀರು ಎರಚುತ್ತಿದ್ದದ್ದು. ಏಣಿಯ ಕಂಬಿಗೆ ತೋಳು ಸಿಕ್ಕಿಕೊಂಡು ನೇತಾಡುತ್ತಿದ್ದೆನಂತೆ. ನನ್ನನ್ನು ಇಳಿಸದೆ ಏಣಿ ಹತ್ತಲು ಆಗುತ್ತಿರಲಿಲ್ಲವಾದ್ದರಿಂದ ಮೊದಲು ನನ್ನನ್ನು ಇಳಿಸಿದರು. ಆಮೇಲೆ ಅವನನ್ನು. ಆ ಹೊತ್ತೂ ನನ್ನಿಂದಲೇ ಹೋಯಿತು.

ತಮಾರಾ ಅವನ ಡಬ್ಬಿಯನ್ನು ಬಿಚ್ಚಿ ನೋಡಿದಳು. ಪೂರ್ತಿ ಮುಗಿದುಹೋಗಿತ್ತು. ಒಬ್ಬ ಮನುಷ್ಯನ ಸರದಿಗೆ ಮೂರು ತಿಂಗಳು ಬಾಳುವ ಡಬ್ಬಿ ಅದು. ಅವನು ಇಬ್ಬರ ಸರದಿ ಹತ್ತಿದ. ಅವನು ಹತ್ತುತ್ತಿದ್ದದ್ದು ಅವಳಿಗೆ ಗೊತ್ತಿತ್ತು, ಅಗಾರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಡಬ್ಬಿಯೂ ಇಬ್ಬರಷ್ಟು ಸವೆಯುತ್ತದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನ್ನ ಡಬ್ಬಿ ಅದರ ಪಕ್ಕದ ಮೊಳೆಯಲ್ಲೇ ಇತ್ತು, ಅರ್ಧ ಮಾತ್ರ ಸವೆದದ್ದು. ತಮಾರಾ ಎರಡನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ನಮಗೆ ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಎಲ್ಲರೂ ನನಗೆ ಒಳ್ಳೆಯದನ್ನೇ ಮಾಡಿದರು.

ನೀನು ಅವನಿಗೆ ಬರೆದ ಕಾಗದ ಶನಿವಾರ ಬಂದಿತ್ತು, ಅಂಗಿಯ ಜೇಬಿನಲ್ಲಿತ್ತು. ಬಲ್ಜಾನ್ ಅಮ್ಮ ಅದನ್ನು ನನ್ನ ಕೈಗಿಟ್ಟು, "ಏನಂತ ಬರ್ದಿದ್ದಾರೆ ನಿಮ್ಮಮ್ಮ?" ಎಂದರು. "ನಿಮ್ಮ ಮಗ ಒಳ್ಳೇ ಹುಡುಗ ಅಂತ ಬರ್ದಿದ್ದಾರೆ" ಎಂದೆ. ಅಷ್ಟು ನಿಜ. ಮುಂದಿನದನ್ನು ಓದಲಿಲ್ಲ.

ಆಮೇಲೆ ನೀನು ನನಗೆ ಬರೆದ ಕಾಗದವನ್ನು ಮಾತ್ರ ಪೂರ್ತಿ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ. ಅವರು ಅಳಲಿಲ್ಲ. "ನಿಮ್ಮಪ್ಪನ ಕತ್ತಿ ಬರತ್ತೆ ಅಂದಿದ್ಯಲ್ಲ, ಬಂತಾ?" ಎಂದು ಕೇಳಿದರು. ಬಂದಿದೆ ಎಂದೆ. "ತಗೊಂಡ್ ಬಾ. ಬಿಸಿನೀರು ಕಾಯಿಸ್ತೀನಿ."

ಅಪ್ಪನ ನಲವತ್ತಕ್ಕೆ ಇನ್ನೂ ಮೂರು ದಿನ ಇತ್ತು. ದುಸೆನ್‌ಗಾಗಿ ಇನ್ನೊಂದು ನಲವತ್ತು ಬಿಡುತ್ತೇನೆ ಎಂದೆ. ಅವರು ನನ್ನ ಗಲ್ಲ ಹಿಡಿದು ಮೇಲಕ್ಕೆತ್ತಿದರು. "ನಿಂಗೋಸ್ಕರ ಇನ್ಯಾರ ಮಗ ಹತ್ಬೇಕಪ್ಪ?" ಎಂದರು. ಆಮೇಲೆ ಅಂಗಳದಲ್ಲಿ ಕೂರಿಸಿ, ಅಪ್ಪನ ಕತ್ತಿಯಿಂದ, ಕೈ ನಡುಗದೆ ಹೆರೆದರು. ಮುಗಿದ ಮೇಲೆ ಹಿಂಗೈಯನ್ನು ಎರಡು ಕೆನ್ನೆಗೂ ಆಡಿಸಿ ನೋಡಿದರು. ಎದ್ದು ಹೋಗಲು ಬಿಡಲಿಲ್ಲ. ರೊಟ್ಟಿ ತಂದು ಎದುರಿಗಿಟ್ಟರು. ನುಂಗಲಾಗಲಿಲ್ಲ, ಆದರೂ ಒಂದು ಚೂರು ಮುರಿದು ಬಾಯಿಗೆ ಹಾಕಿದೆ.

ಅಗಾ ಈಗ ಕೆಲಸದಲ್ಲಿಲ್ಲ, ವಿಚಾರಣೆ ನಡೆಯುತ್ತಿದೆ. ಕಚೇರಿಯವರು ನನಗೆ ಊರಿಗೆ ಹೋಗು ಎಂದರು. ಹೋಗಲಿಲ್ಲ. ಬಲ್ಜಾನ್ ಅಮ್ಮನ ಮನೆಗೆ ನೀರು ತರಲು ಒಬ್ಬರು ಬೇಕು. ನನ್ನ ಜೊತೆಗೆ ಹೊಸ ಹುಡುಗನೊಬ್ಬ ಬಂದಿದ್ದಾನೆ, ಜರ್ಮನ್ನರವನು. ಟ್ಯಾಂಕುಗಳು ಅವೇ. ನನ್ನ ಸರದಿಗೆ ನಾನು ಹತ್ತುತ್ತೇನೆ, ಅವನ ಸರದಿಗೆ ಅವನು.

ನೀನು ಕೇಳಿದ್ದಕ್ಕೆ ಉತ್ತರ: ಇಂದು ಬೆಳಗ್ಗೆ ಬಿಡಾರದ ತುಂಬ ಕೊಳೆತ ಮೊಟ್ಟೆಯ ನಾತ. ಎಲ್ಲರೂ ಮೂಗು ಹಿಡಿದರು, ನಾನು ಹಿಡಿಯಲಿಲ್ಲ.

ನನಗೆ ವಾಸನೆ ಬರುತ್ತಿದೆ, ಅಮ್ಮ.

ಯಾರ್ಮೆತ್